ಉದ್ರಿ ಪುಸ್ತಕದ ಹಿಂಬದಿ

ಕುತಾಯಿಸಿಯಲ್ಲಿ ಬೆಳಗಾಗುವ ಮುಂಚೆಯೇ
ನನ್ನಣ್ಣ ಇಲಾರಿಯೋನ್, ನೆಲದಲ್ಲಿ ಹೂತ ಮಣ್ಣೊಲೆಯೊಳಗೆ
ಸೊಂಟದವರೆಗೆ ಇಳಿಯುತ್ತಿದ್ದ.
ತಲೆ ಕೆಳಗೆ, ಕಾಲು ಗಾಳಿಯಲ್ಲಿ,
ಬಲಗೈ ಒಲೆಯಂಚಿಗೆ, ಎಡಗೈಯಲ್ಲಿ ದೋಣಿಯಂಥ ಹಿಟ್ಟು.
ಬೆಂಕಿಯ ಬಾವಿಗೆ ಬಗ್ಗಿ
ಯಾರದೋ ಬಿಂದಿಗೆ ಹುಡುಕುವವನಂತೆ.
ಮೂವತ್ತೊಂದು ವರ್ಷ.
ಒಮ್ಮೆಯೂ ಬಿದ್ದವನಲ್ಲ.

ಬಿದ್ದದ್ದು ಮೇಲೆ, ನೆಟ್ಟಗೆ ನಿಂತಿದ್ದಾಗ,
ಬ್ಯಾಂಕಿನ ಬಾಗಿಲಲ್ಲಿ, ಕೈಯಲ್ಲಿ ಟೋಕನ್ ಹಿಡಿದು.

ಆಸ್ಪತ್ರೆಯವರು ಕಿಡ್ನಿ ಎಂದರು. ಎರಡೂ ಎಂದರು.
ಬ್ಯಾಂಕಿನವರೂ ಎರಡು ಎಂದರು:
ಒಂದು ಸಾಲ ಹಿಟ್ಟು ನಾದುವ ಮೆಷಿನ್ನಿಗೆ,
ಇನ್ನೊಂದು ಮೊದಲನೆಯದರ ಬಡ್ಡಿಗೆ.
ಮನೆಯಲ್ಲಿ ಉಸಿರೆತ್ತಿರಲಿಲ್ಲ ಅಣ್ಣ;
ಊದಿದ ಕಾಲನ್ನು ಬೂಟಿನೊಳಗೆ,
ನೋಟೀಸುಗಳನ್ನು ಮೈದಾಚೀಲದ ಕೆಳಗೆ
ಮುಚ್ಚಿಟ್ಟಿದ್ದ.

ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಬಂದೆ.
ಯಾರೂ ಕರೆದಿರಲಿಲ್ಲ. ಅತ್ತಿಗೆ ಫೋನಿನಲ್ಲಿ
ಏನೂ ಹೇಳದೆ ತುಂಬ ಹೊತ್ತು ಉಸಿರಾಡಿದ್ದಳು, ಅಷ್ಟೆ.

ವಾರಕ್ಕೆ ಮೂರು ಸಲ ಮಿನಿಬಸ್ಸು, ಸೇತುವೆ, ಬಿಳಿ ಕಟ್ಟಡ.
ಇನ್ನೊಂದು ಮೆಷಿನ್ನಿನ ಪಕ್ಕ ನಾಲ್ಕು ಗಂಟೆ.
ಅವನ ರಕ್ತ ಹೊರಗೆ ಹೋಗಿ, ಕೆಸರಾಡಿ ಬಂದ ಹುಡುಗನ ಹಾಗೆ
ಮೈ ತೊಳೆಸಿಕೊಂಡು ಒಳಗೆ ಬರುತ್ತದೆ.
ಸೂಜಿಗೆಂದು ಎಡಗೈಯ ನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ
(ಒಳ್ಳೆಯ ಹೊಲಿಗೆ, ನಾನು ನೋಡಿದೆ).
ಆ ಕೈಯಲ್ಲಿ ಭಾರ ಎತ್ತಬಾರದಂತೆ, ಬಿಸಿ ತಾಕಬಾರದಂತೆ.
ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತದೆ,
ಹೊತ್ತಿಕೊಂಡ ಒಲೆಗೆ ಕಿವಿಗೊಟ್ಟಂತೆ.
"ಎತೇರಿ, ಇನ್ನೂ ಉರೀತಿದೆಯಾ?"
ಉರೀತಿದೆ, ಅನ್ನುತ್ತೇನೆ.

ನೀರು ಅಳತೆ. ಉಪ್ಪು ಇಲ್ಲವೇ ಇಲ್ಲ.
ಒಲೆಯ ಗೋಡೆಗೆ ದಿನವೂ ಉಪ್ಪುನೀರು ಚಿಮುಕಿಸಿದವನು
ಸಪ್ಪೆ ಸೂಪಿನ ಮುಂದೆ ಕೂತು ಉಪ್ಪಿನ ಡಬ್ಬಿಯನ್ನು
ಮಾತು ಬಿಟ್ಟ ಗೆಳೆಯನ ಹಾಗೆ ನೋಡುತ್ತಾನೆ.

ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕಿದ್ದು ಉದ್ರಿ ಪುಸ್ತಕ.
ಬೀದಿಗೆ ಬೀದಿಯೇ ಅದರಲ್ಲಿ ಬಾಕಿ.
"ಕುಂಟುನಾಯಿಯವಳು, ಆರು ರೊಟ್ಟಿ."
"ಟ್ರಂಪೆಟ್ ಮೇಷ್ಟ್ರು, ಫೆಬ್ರವರಿ ಪೂರ್ತಿ."
"ಗಂಡ ಪೋಲೆಂಡಿಗೆ ಹೋದವಳು. ಕೇಳಬಾರದು."
ಕೂಡಿದೆ. ವಸೂಲಾದರೆ ನಾಲ್ಕು ಕಂತು.
ಕೇಳ್ತೀನಿ ಅಂದೆ.
ಕೇಳಿದರೆ ಈ ಮನೆಗೆ ಬರಬೇಡ ಅಂದ.

ಕೇಳಿದೆ. ಅವನು ಆಸ್ಪತ್ರೆಯಲ್ಲಿದ್ದ ಗುರುವಾರ
ಮಹಡಿ ಮಹಡಿ ಹತ್ತಿ ಇಳಿದೆ.
ಟ್ರಂಪೆಟ್ ಮೇಷ್ಟ್ರು ಬಾಗಿಲು ತೆರೆಯಲಿಲ್ಲ.
ಕುಂಟುನಾಯಿಯವಳು ತೀರಿಹೋಗಿದ್ದಳು;
ನಾಯಿ ಇತ್ತು, ನನ್ನ ಏಪ್ರನ್ ಮೂಸಿತು.
ಕೇಳಬಾರದವಳನ್ನು ಕೇಳಲಿಲ್ಲ.
ಅವಳೇ ಮೆಟ್ಟಿಲಿಗೆ ಅಡ್ಡ ನಿಂತು, ಒಂದು ಕಂತಿನಷ್ಟು ದುಡ್ಡು,
ಒಂದು ಸೀಸೆ ಪ್ಲಮ್ ಹುಳಿ ಕೈಗಿಟ್ಟು
"ಉಪ್ಪು ಹಾಕಿಲ್ಲ" ಅಂದಳು.
ಊರಿಗೆಲ್ಲ ಗೊತ್ತಿತ್ತು,
ನಮಗೊಂದು ಬಿಟ್ಟು.
(ಪ್ಲಮ್ಮೂ ಕೂಡದಂತೆ. ನರ್ಸ್ ಹೇಳಿದಳು.
ಸೀಸೆ ಕಿಟಕಿಯಲ್ಲಿದೆ, ಬಿಸಿಲಿಗೆ ಕೆಂಪಗೆ.)

ನನ್ನ ಕಿಡ್ನಿ ಹೊಂದುವುದಿಲ್ಲ.
ಒಂದೇ ಹೊಟ್ಟೆಯಲ್ಲಿ ಹುಟ್ಟಿ ಬೇರೆ ಬೇರೆ ಗುಂಪು.
ಕೊಡಲು ಉಳಿದದ್ದು ಬೆನ್ನು ಮಾತ್ರ,
ಬಗ್ಗಲು ಬರುವ ಬೆನ್ನು.
ಒಲೆ ಆರಿಸಿಟ್ಟರೆ ಬಿರಿಯುತ್ತದೆ; ನಾನೇ ಇಳಿದೆ.
ಅವನು ಸ್ಟೂಲಿನಲ್ಲಿ ಕೂತು
ನನ್ನ ಏಪ್ರನ್ನಿನ ದಾರ ಬಲಗೈಗೆ ಸುತ್ತಿಕೊಂಡು
"ಉಸಿರು ಬಿಡ್ತಾ ಇಳಿ. ಒಳಗೆ ಎಳೀಬೇಡ.
ಹೆದರಿ ನಿಧಾನ ಮಾಡಿದರೇ ಸುಡೋದು."
ಮೊದಲ ವಾರ ರೊಟ್ಟಿಯೆಲ್ಲ ಬೂದಿಗೆ.
ಎರಡನೇ ವಾರ ಹುಬ್ಬು ಹೋಯಿತು.
ಅವನು ನಕ್ಕ,
ಎಷ್ಟೋ ತಿಂಗಳ ಮೇಲೆ, ಕೆಮ್ಮು ಬರುವಷ್ಟು ನಕ್ಕ.

ಸಾಲ ತೀರಿಲ್ಲ. ನಾದುವ ಮೆಷಿನ್ ಮಾರಿದೆವು;
ಅತ್ತಿಗೆಯೂ ನಾನೂ ಕೈಯಲ್ಲೇ ನಾದುತ್ತೇವೆ.
ಪ್ರತಿ ಹತ್ತನೇ ತಾರೀಖು ಬ್ಯಾಂಕಿನ ಹುಡುಗ ಬಂದು
ಬಿಸಿ ರೊಟ್ಟಿಯ ತುದಿ ಮುರಿದು ತಿನ್ನುತ್ತ ನೋಟೀಸು ಕೊಡುತ್ತಾನೆ.
ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಅವನಿಗೇನು ಅನ್ನಲಿ.

ನಿನ್ನೆ ಅಣ್ಣ ಪುಸ್ತಕವನ್ನು ತಲೆಕೆಳಗು ಮಾಡಿ
ಹಿಂದಿನಿಂದ ಏನೋ ಬರೆಯುತ್ತಿದ್ದ. ಇಣುಕಿದೆ.
'ನಾವು ಕೊಡಬೇಕಾದವರು.'
ಬ್ಯಾಂಕಿನ ಹೆಸರಿಲ್ಲ ಅದರಲ್ಲಿ.
ಮೊದಲ ಸಾಲು, ಮೊದಲ ಸಾಲ, ನನ್ನದೇ:

"ಎತೇರಿ. ಹುಬ್ಬು, ಎರಡು."