ಕಂತು

ಬಿಲ್ಲಿನ ಮ್ಯಾಲೆ ಹೆಸರು ನಮ್ಮದಲ್ಲ,
ಮನಿ ಮಾರಿ ಹೋದ ವಿಠಾಬಾಯಿ ಶಿಂದೆಯದು.
ಬಾಕಿ ಮಾತ್ರ ನಮ್ಮದು:
ಹದಿನೇಳು ಸಾವಿರದ ಆರುನೂರ ನಲವತ್ತು.

ಪರ್ವತಿ ಗುಡ್ಡದ ಪಾವಟಿಗಿ ಇಳಿದು
ಕರೆಂಟ್ ಆಫೀಸಿನ ಮೂರನೇ ಕಿಟಕಿಗಿ ನಿಂತೆ.
ಒಳಗಿದ್ದ ಹುಡುಗ ಬಿಲ್ ತಿರುವಿ ನೋಡಿ
ಮರಾಠಿಯೊಳಗ ಕೇಳಿದ,
"ಎಸಿ ಹಾಕಿಸೀರೇನು ಮಾವಶಿ?"
ಹಿಂದಿನ ಸರದಿ ನಕ್ಕಿತು. ನಾನೂ ನಕ್ಕೆ.
ಪತ್ರಾದ ಮನಿ ನಮ್ಮದು,
ಬ್ಯಾಸಗಿಯೊಳಗ ಹಂಚಿಲ್ಲದ ರೊಟ್ಟಿ ಬೇಯತಾವು.

ಎಸಿ ಅಲ್ಲಪಾ, ಅದು ಗಾಳಿ ಮಶೀನು.
ನಮ್ಮ ನೆಗೆಣ್ಣಿ ಗುರುಬಾಯಿಗಿ
ಟ್ರಸ್ಟಿನವರು ಪುಕ್ಕಟೆ ಕೊಟ್ಟಿದ್ದರು.
ಮಶೀನು ಪುಕ್ಕಟೆ.
ಅದು ತಿನ್ನೋದು ಪುಕ್ಕಟೆ ಅಲ್ಲ ಅಂತ
ಯಾರೂ ಹೇಳಿರಲಿಲ್ಲ.

ಇಪ್ಪತ್ತು ವರ್ಷ ವಾಘೋಲಿಯ ಖಡಿ ಮಶೀನಿನ ಬಾಯಿಗಿ
ಬುಟ್ಟಿ ಬುಟ್ಟಿ ಕಲ್ಲು ಸುರಿದಾಕಿ.
ಡಾಕ್ಟರು ಎಕ್ಸ್‌ರೇ ಬೆಳಕಿಗಿ ಹಿಡಿದಾಗ
ಎದಿಯೊಳಗ ಬಿಳೇ ಹಿಟ್ಟು ಚೆಲ್ಲಿದಂಗಿತ್ತು.
"ನೋಡ, ಕೂಲಿ ಇಲ್ಲಿ ಕೂಡಿಟ್ಟೀನಿ" ಅಂದ್ಲು.

ಐದು ತಿಂಗಳು. ಹಗಲೂ ರಾತ್ರಿ.
ಮೂಲ್ಯಾಗ ಕುಂತ ಎಮ್ಮಿ ಹಂಗ ಅದು ಮುಲುಗತಿತ್ತು,
ಮೂಗದಾಣ ಮಾತ್ರ ಆಕಿ ಮೂಗಿಗಿತ್ತು.
ಬಾಗಿಲ ಮ್ಯಾಲೆ ಮೀಟರಿನ ಕೆಂಪು ಕಣ್ಣು
ಪಟಪಟ ಬಡಕೋತಿತ್ತು.

ನೂರು ಯೂನಿಟ್ ತನಕ ಒಂದು ದರ,
ದಾಟಿದ್ರ ಇನ್ನೊಂದು,
ಮುನ್ನೂರು ದಾಟಿದ್ರ ಕೇಳೋದೇ ಬ್ಯಾಡ.
ಅಂದ್ರ ತಿಂಗಳ ಮೊದಲ ವಾರ ಉಸಿರು ಸೋವಿ,
ಕಡೀ ವಾರ ತುಟ್ಟಿ.
ಈ ಲೆಕ್ಕ ತೆಗೆದದ್ದು ಆಕಿನ,
ಸಾಲಿ ಕಲಿತಾಕಿ ಅಲ್ಲ,
ಬುಟ್ಟಿ ಎಣಿಸಿ ಎಣಿಸಿ ಬಂದ ಲೆಕ್ಕ.

ನಾವಿಬ್ಬರು ಜಗಳಾಡಿದ್ದು ಕಮ್ಮಿ ಏನಲ್ಲ.
ನಾ ಸೀರಿಗಿ ಪಿಕೋ ಹೊಡಿಯಾಕ ಕುಂತ್ರ
"ನಿನ್ನ ಮಶೀನು ಎಷ್ಟು ತಿಂತದ?" ಅನ್ನಾಕಿ.
"ನಿನ್ನದಕ್ಕಿಂತ ಕಮ್ಮಿ" ಅಂದುಬಿಟ್ಟೆ ಒಮ್ಮೆ.
ಅವತ್ತಿನಿಂದ ಆಕಿ,
ಎಲ್ಲರೂ ಮಲಗಿದ ಮ್ಯಾಲೆ,
ಕಾಲ ಹೆಬ್ಬೆರಳಿಲೆ ಸ್ವಿಚ್ ಒತ್ತತಿದ್ಲು.

ಮುಲುಗಾಟ ನಿಂತದ್ದಕ್ಕ ನನಗ ಎಚ್ಚರ.
ಎದ್ದು ಹಾಕತಿದ್ದೆ. ಬೈತಿದ್ದೆ.
ಆಕಿ ಕಣ್ಣು ಮುಚ್ಚಿ ಸುಳ್ಳೇ ಗೊರಕಿ ಹೊಡಿಯಾಕಿ.
ಉಸಿರಿಲ್ಲದಾಕಿಗಿ ಗೊರಕಿ ಬ್ಯಾರೆ!

ಒಂದು ರಾತ್ರಿ,
ಮೂರನೇ ಬಿಲ್ ಬಂದ ರಾತ್ರಿ,
ಅದು ನಿಂತಿತು,
ನನಗ ಎಚ್ಚರಾತು,
ನಾ ಏಳಲಿಲ್ಲ.
ಕತ್ತಲಾಗ ಮೀಟರ್ ನೋಡಿಕೋತ ಬಿದ್ದಿದ್ದೆ.
ಕೆಂಪು ಕಣ್ಣು ಒಮ್ಮೆ ಮಿಟುಕಿತು.
ಬಾಳ ಹೊತ್ತಾದ ಮ್ಯಾಲೆ ಇನ್ನೊಮ್ಮೆ.
ಹಾಯ್ ಅನ್ನಿಸಿತು. ಸುಳ್ಳು ಯಾಕ ಹೇಳಲಿ,
ಹಾಯ್ ಅನ್ನಿಸಿತು.

ಆಮ್ಯಾಲೆ ಎದ್ದೆ. ಸ್ವಿಚ್ ಹಾಕಿದೆ.
ಗುರುಬಾಯಿಯ ಕಣ್ಣು ತೆರೆದೇ ಇದ್ದವು.
ಮರುದಿನ ಮುಂಜಾನೆ ಆಕಿನ ಚಾ ಕೇಳಿದ್ಲು,
ಸಕ್ಕರಿ ಜಾಸ್ತಿ ಹಾಕಿ ಕೊಟ್ಟೆ.

ಆಕಿ ಹೋದದ್ದು ಎರಡು ತಿಂಗಳಿಗಿ,
ಹಗಲು ಹೊತ್ತು, ದವಾಖಾನಿಯೊಳಗ,
ಅವರ ಕರೆಂಟಿನ ಮ್ಯಾಲೆ.

ಇದನ್ನೆಲ್ಲ ಕಿಟಕಿಗಿ ಹೇಳಾಕ ಬರೂದಿಲ್ಲ.
"ಕಂತು ಮಾಡಿಕೊಡಪಾ" ಅಂದೆ.
ಹುಡುಗ ಗುಂಡಿ ಒತ್ತಿ ಚೀಟಿ ಮ್ಯಾಲೆ ಬರದ:
ಐದು ಸಾವಿರದ ಎಂಟುನೂರ ಎಂಬತ್ತು, ಮೂರು ಸಲ.
ತಪ್ಪಿದ್ರ ಲೈನ್ ಕಟ್.
ನಮ್ಮವರ ಉಂಗುರ ಒತ್ತಿ ಬಿದ್ದು
ಮೊದಲನೇದು ಮುಟ್ಟೇದ.

ಈ ತಿಂಗಳ ಬಿಲ್ಲು ಎಪ್ಪತ್ತೆಂಟೇ ಯೂನಿಟ್.
"ಹೆಂಗ ಇಳೀತು ನೋಡು" ಅಂದರು ನಮ್ಮವರು,
ಅಂದವರು ಎದ್ದು ಹೊರಗ ಹೋದರು.
ಆಕಿ ಮೂಲ್ಯಾಗ ಈಗ ಪಿಕೋ ಮಶೀನು.
ಸ್ವಿಚ್ಚು ಕಾಲಿಗಿ ನಿಲುಕೂವಷ್ಟು ಕೆಳಗದ,
ನಾ ಬಗ್ಗಿ ಕೈಲೇ ಒತ್ತತೀನಿ.

ಹಳೇ ಬಿಲ್ಲು ಡಬ್ಬ್ಯಾಗ ಇಟ್ಟೀನಿ.
ಒಮ್ಮೊಮ್ಮೆ ತೆಗೆದು ಬೆರಳಿಟ್ಟು ಹುಡುಕತೀನಿ,
ಆ ರಾತ್ರಿ ಉಳಿದ ಚೂರು
ಯಾವ ಸಾಲಿನ್ಯಾಗ ವಜಾ ಆಗೇದ ಅಂತ.
ಸಿಗೂದಿಲ್ಲ.
ಎರಡನೇ ಕಂತು ಹದಿನೈದಕ್ಕದ.