ಷರಾ

ನಗರಸಭೆಯ ಫಾರಮ್ಮಿನಲ್ಲಿ ಐದು ಕಾಲಮ್ಮು:
ಹೆಸರು, ಓಣಿ, ಕಟ್ಟಿದ ವರ್ಷ, ಸ್ಥಿತಿ, ಬಳಕೆ.
ಆರನೆಯದು ಷರಾ. ಅರ್ಧ ಇಂಚು ಜಾಗ.
ಪೋರ್ತು ಪಟ್ಟಣದ ಬೆನ್ನ ಮೇಲೆ ಸೋಮವಾರದಿಂದ
ನಡೆಯುತ್ತಿದ್ದೇನೆ,
ನಕಾಶೆಗೆ ಮರೆತುಹೋದದ್ದನ್ನು ಎಣಿಸುತ್ತ.

ಪ್ರವಾಸಿಗರೆಲ್ಲ ಕೆಳಗೆ, ಹೊಳೆದಂಡೆಯಲ್ಲಿ,
ಸೇತುವೆಗೆ ಬೆನ್ನು ಕೊಟ್ಟು ನಗುತ್ತಾರೆ.
ನನ್ನದು ಮೇಲಿನ ದಾರಿ:
ಉಚ್ಚೆ ನಾರುವ ಮೆಟ್ಟಿಲು, ನೂರ ಹನ್ನೆರಡು,
ಹಿಡಿಯಲು ಒಂದೇ ಕಂಬಿ, ಬಲಗಡೆಗೆ.

ಬೆಳಗಿನಿಂದ ಬರೆದದ್ದು:
ಸಿಂಹದ ಮುಖದ ನಲ್ಲಿ, ಬಾಯಿಗೆ ಸಿಮೆಂಟು.
ತೂಕದ ಮನೆ, ಒಳಗೆ ಯಾರದೋ ಸ್ಕೂಟರು.
ಎದೆಯೆತ್ತರದ ಹೊರೆಗಲ್ಲು; ತಲೆಯ ಮೂಟೆಯನ್ನು
ಇನ್ನೊಬ್ಬರ ಕೈ ಬೇಡದೆ ಇಳಿಸಿಕೊಳ್ಳಲೆಂದು
ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು.
ಅದರ ಮೇಲೀಗ ಬೆಕ್ಕು.
ಸ್ಥಿತಿ: ಸಾಧಾರಣ. ಬಳಕೆ: ಇಲ್ಲ.
(ಬೆಕ್ಕನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.)

ಕೋಳಿಗೂಡು ದಾಟಿ, ಎಲೆಕೋಸಿನ ಮಡಿ ದಾಟಿದರೆ
ತಗಡಿನ ಮಾಡು. ಅದರಡಿಗೆ
ಊರವರು ಬಟ್ಟೆ ಒಗೆಯುವ ತೊಟ್ಟಿ,
ಸುತ್ತ ಹನ್ನೆರಡು ಇಳಿಜಾರು ಕಲ್ಲು,
ಪೆಟ್ಟಿಗೆ ಅಂಗೈ ಚಾಚಿದ ಶಾಲೆಮಕ್ಕಳ ಹಾಗೆ.

ಎರ್ಮೆಲಿಂದಾ ಒಬ್ಬಳೇ ಜಮಖಾನ ಕುಕ್ಕುತ್ತಿದ್ದಳು.
ಫಾರಮ್ಮಿನ ಬೆನ್ನಿಗಿದ್ದ ಪ್ರಶ್ನೆ ಕೇಳಿದೆ:
ಮನೆಯಲ್ಲಿ ಮಷಿನ್ ಇಲ್ಲವೇ?
‘ಇದೆಯಲ್ಲ. ಅದರ ಮೇಲೆ ಟೀವಿ ಇಟ್ಟಿದ್ದೀನಿ.’

ಅಳತೆಪಟ್ಟಿ ಬಿಚ್ಚಿ ಒಂದೊಂದೇ ಕಲ್ಲು ದಾಟಿದೆ.
‘ಏಳನೇದು ಬಿಡು, ಅದು ಝುಲ್ಮೀರಾಂದು.’
ಬರುತ್ತಾಳೆಯೇ ಈಗಲೂ?
‘ಸತ್ತು ಮೂವತ್ತು ವರ್ಷವಾಯ್ತು. ಎಡಚಿ.
ಅವಳ ಕಲ್ಲಲ್ಲಿ ನಾವು ಒಗೆದರೆ
ನೊರೆಯೆಲ್ಲ ಮಡಿಲಿಗೇ.’

ಬಗ್ಗಿ ನೋಡಿದೆ.
ಹನ್ನೊಂದು ಕಲ್ಲು ಸವೆದು ಬಲಕ್ಕೆ ವಾಲಿವೆ.
ಇದೊಂದು ಎಡಕ್ಕೆ.
ಹೋಟೆಲುಗಳ ಮೇಜುಬಟ್ಟೆ, ದವಾಖಾನೆಯ ಹಾಸು,
ಪರರ ಮಕ್ಕಳ ಲಂಗೋಟಿ,
ತಿಕ್ಕಿ, ಜಾಲಿಸಿ, ಮತ್ತೆ ತಿಕ್ಕಿ
ಒಂದು ಬೆರಳುದ್ದ ಗ್ರಾನೈಟನ್ನು ನೀರಿಗೆ ಬಿಟ್ಟಿದ್ದಾಳೆ.
ಕಟ್ಟಿದ ವರ್ಷ? ನಲವತ್ತು ವರ್ಷ ಕಟ್ಟಿದ್ದಕ್ಕೆ
ಯಾವ ಇಸವಿ ಹಾಕಲಿ?
ಶಿಲ್ಪಿಯ ಹೆಸರು ಫಾರಮ್ಮು ಕೇಳುವುದೇ ಇಲ್ಲ.

ಎರಡನೇ ಕ್ಲಾಸಿನಲ್ಲಿ ಫೆಲಿಸ್ಬೆಲಾ ಟೀಚರು
ನನ್ನ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟುತ್ತಿದ್ದರು,
ಹಸಿರು ರಿಬ್ಬನ್ನಿನಿಂದ. ಬಿಗಿಯಾಗಿಯೇನಲ್ಲ.
ಸಂಜೆ ಬಿಚ್ಚಿ, ರಿಬ್ಬನ್ನು ಮಡಿಸಿ,
ಕೈಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು.
ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ ಇದು.
ಬಲಗೈಯಲ್ಲೇ ಬರೆಯುತ್ತೇನೆ, ದುಂಡಗೆ,
ನನ್ನದಲ್ಲದ ಅಕ್ಷರ.

ಜೇಬಿನಿಂದ ಕರವಸ್ತ್ರ ತೆಗೆದೆ.
ಕೊಳೆಯೇನೂ ಇರಲಿಲ್ಲ, ಸುಳ್ಳೇಕೆ.
ಏಳನೆಯ ಕಲ್ಲಿಗೆ ಎಡಗೈ ಕೊಟ್ಟೆ.
ಮೊಣಕೈ, ಭುಜ, ಸೊಂಟ
ಒಂದಕ್ಕೊಂದು ಹೇಳಿಕೊಂಡವು.
ನೊರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು.

ಎರ್ಮೆಲಿಂದಾ ತಲೆಯೆತ್ತಲಿಲ್ಲ.
ನೀಲಿಗೆರೆಯ ಸಾಬೂನನ್ನು ಇತ್ತ ಜಾರಿಸಿ ಅಂದಳು:
‘ಹಿಂಡೋದೂ ಎಡಕ್ಕೇ ಹಿಂಡು ಮತ್ತೆ.’

ಬಳಕೆ: ಇದೆ.
ಷರಾ ಎಂಬಲ್ಲಿಗೆ ಬಂದಾಗ
ಪೆನ್ನು ಕೈ ಬದಲಿಸಿತು.
ಅರ್ಧ ಇಂಚಿನಲ್ಲಿ ಸೊಟ್ಟಸೊಟ್ಟಗೆ, ಎರಡನೇ ಕ್ಲಾಸಿನ ಅಕ್ಷರ;
ಬರೆದದ್ದರ ಮೇಲೇ ಹಾಯ್ದ ಒದ್ದೆ ಅಂಗೈ
ಶಾಯಿಯನ್ನೆಲ್ಲ ಕದಡಿಬಿಟ್ಟಿತು.

ಮೇಲಿನವರಿಗೆ ಓದಲು ಬಾರದೆ
ಫಾರಮ್ಮು ವಾಪಸು ಬರಬಹುದು.
ಆಗ ಮತ್ತೆ ಹತ್ತಬೇಕು ನೂರ ಹನ್ನೆರಡನ್ನೂ,
ಮತ್ತೆ ಅಳೆಯಬೇಕು. ಬರಲಿ.
ಮನೆಯಲ್ಲೊಂದು ಹಳೆಯ ಜಮಖಾನವಿದೆ.