ಮೂರು ಬದಿಯ ಚೌಕಟ್ಟು

ಅಳತೆಗೆಂದು ಕರೆದಿದ್ದಳು ವೆರ್ಲಿನ್ ಕಡ್ಜೋ.
ಹಡರ್ಸ್‌ಫೀಲ್ಡಿನ ಹಳೇ ಉಣ್ಣೆ ಗಿರಣಿ, ನಾಲ್ಕನೇ ಮಹಡಿ,
ಲಿಫ್ಟು ಕೆಟ್ಟು ಎರಡು ತಿಂಗಳು.
ಟೇಪು, ಪೆನ್ಸಿಲು, ಓಕ್ ಮರದ ಮಾದರಿ ತುಂಡುಗಳನ್ನು
ಹೆಗಲಿಗೆ ಹಾಕಿಕೊಂಡು ಹತ್ತಿದೆ.

ಗೋಡೆಗೆ ಒರಗಿತ್ತು ಚಿತ್ರ.
ಆಳೆತ್ತರ, ಅದರ ಮೇಲೆ ಇನ್ನೊಂದು ಗೇಣು.
ಕ್ಯಾನ್ವಾಸಲ್ಲ, ಸೂಟಿನ ಬಟ್ಟೆ:
ಗಿರಣಿ ಮುಚ್ಚಿದ ದಿನ ಅವಳಜ್ಜಿ ಎಸ್ಟೆಲಿನ್
ಕೋಟಿನೊಳಗೆ ಸುತ್ತಿಕೊಂಡು ತಂದದ್ದು.
ಇಪ್ಪತ್ತಾರು ವರ್ಷ ನೇಯ್ಗೆಯ ಎಳೆತಪ್ಪು ಹುಡುಕಿ
ಸೂಜಿಯಲ್ಲಿ ತಿದ್ದಿದ ಕೈ ಅದು.
"ಕದ್ದದ್ದಾ?" ಅಂದೆ.
"ಬಾಕಿ ವಸೂಲಿ," ಅಂದಳು.

ನೀಲಿ ಬಳಿದಿದ್ದಳು. ಬಿಳಿ ಬಟ್ಟೆಗೆಂದು
ಕೊನೆಯ ಬಕೆಟ್ಟಿಗೆ ಅಮ್ಮ ಹನಿಸುತ್ತಿದ್ದಳಲ್ಲ, ಅದೇ ನೀಲಿ.
ಕ್ಯಾರಿಯಕೂ ದ್ವೀಪದಲ್ಲಿ ದೃಷ್ಟಿಯಾಗದಿರಲೆಂದು
ಮಗು ಮೀಯುವ ನೀರಿಗೆ ಹಾಕುತ್ತಾರಂತೆ.
ನಮ್ಮಲ್ಲಿ ಕೆನ್ನೆಗೆ ಕಪ್ಪಿಡುತ್ತೇವೆ, ಅಂದೆ.
ಕೆನ್ನೆ ಮುಟ್ಟಿಕೊಂಡು ನಕ್ಕಳು:
"ನನಗೆ ಹುಟ್ಟುವಾಗಲೇ ಪೂರ್ತಿ ಇಟ್ಟು ಕಳಿಸಿದ್ದಾರೆ."

ಆ ನೀಲಿಯೊಳಗಿಂದ ಹೆಂಗಸರು ಬರುತ್ತಿದ್ದರು.
ಒಬ್ಬಳ ಲಂಗದ ನೆರಿಗೆಯೊಳಗಿಂದ ಇನ್ನೊಬ್ಬಳು,
ಅವಳ ನೆರಿಗೆಯೊಳಗಿಂದ ಮತ್ತೊಬ್ಬಳು.
ದೂರದವರು ಚಿಕ್ಕದಾಗಿ ಕಾಣಬೇಕು, ಅಲ್ಲವೆ?
ಇವರು ಹಿಂದೆ ಹೋದಷ್ಟೂ ದೊಡ್ಡವರು.
ಕೊನೆಯವಳ ತಲೆ ಬಟ್ಟೆಯಾಚೆ ಎಲ್ಲೋ,
ಬರೀ ಕೈ ಕಾಣುತ್ತದೆ,
ಜಾಪತ್ರೆಯ ಕೆಂಪು,
ಎಲ್ಲರ ನೆತ್ತಿಯ ಮೇಲೆ.

ಹೆಸರು ಕೇಳಿದೆ.
"ಎಸ್ಟೆಲಿನ್. ಅವಳ ತಾಯಿ ಮಾ ಫಿಲ್. ಆಮೇಲೆ
ಹಡಗಿನ ಲೆಕ್ಕದ ಪುಸ್ತಕ, ಅಂಕಿ ಇದೆ, ಹೆಸರಿಲ್ಲ.
ಕುಲ ಮಾತ್ರ ಉಳಿಯಿತು, ಕ್ರೊಮಂಟಿ,
ಡೋಲಿನ ಒಂದು ಪೆಟ್ಟಿನಲ್ಲಿ.
ಕುಲ ಬರೋದು ಅಪ್ಪನಿಂದ ಅಂತಾರೆ ಹಿರಿಯರು.
ನಾನು ಅಜ್ಜಿಯಿಂದ ತಗೊಂಡೆ. ಕೇಳಲಿಲ್ಲ."

ಟೇಪು ಹಿಡಿದು ನಿಂತಲ್ಲೇ ನನ್ನವರನ್ನೂ ಎಣಿಸಿದೆ:
ಅಮ್ಮ ತುಂಗಮ್ಮ,
ಅವಳ ಅಮ್ಮ ಕಾಳಕ್ಕ,
ಅವಳ ಅಮ್ಮ
ಅಷ್ಟೇ.
ಅವಳಿಗಿಂತ ಒಂದು ಮೆಟ್ಟಿಲು ಮೊದಲೇ ಮುಗಿಯಿತು.
ದೂರಲು ನನಗೊಂದು ಹಡಗೂ ಇಲ್ಲ.

"ಚೌಕಟ್ಟು ಮೂರೇ ಬದಿ ಸಾಕು. ಕೆಳಗಿನದು ಬೇಡ."
"ಮೂಲೆ ಬಿಟ್ಟುಕೊಳ್ಳುತ್ತೆ," ಅಂದೆ, ಕಸುಬಿನ ಮಾತು.
"ನಾಳೆ ರಾತ್ರಿ ಅವರಿಗೆ ಊಟ ಇಡ್ತೀನಿ.
ಚೌಕಟ್ಟು ದಾಟಿ ಹಾರುವ ವಯಸ್ಸಾ ಅವರದ್ದು?"

ಮರುರಾತ್ರಿ ಬಿಳಿ ಹಾಸಿನ ಮೇಜು,
ಮೆಕ್ಕೆಜೋಳದ ಮುದ್ದೆ, ಅನ್ನದ ಉಂಡೆ, ಆಡಿನ ಮಾಂಸ,
ಒಂದು ಲೋಟ ರಮ್ಮು.
ಎಂಬತ್ತೊಂಬತ್ತರ ಟಾಂಟಿ ಈನಿಡ್
ಕೋಣೆಗೆ ಬೀಗ ಹಾಕಿ ಕೀಲಿ ರವಿಕೆಗೆ ಸೇರಿಸಿ
ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.
ಗಂಡಸರು ಮೆಟ್ಟಿಲ ಮೇಲೆ, ಪಿಸುಮಾತಲ್ಲಿ.
ನಮ್ಮ ಕಡೆ ಎಡೆಯ ಹತ್ತಿರ ನನ್ನನ್ನು ಬಿಟ್ಟವರಿಲ್ಲ;
ತಮ್ಮ ಇಡುತ್ತಿದ್ದ, ನಾನು ಹಿತ್ತಲಲ್ಲಿ ಕಾಗೆ ಕಾಯುತ್ತಿದ್ದೆ.
ಅದನ್ನೇ ಹೇಳಿದೆ.
ಟಾಂಟಿ ಕಣ್ಣು ತೆರೆಯದೆ ಕೇಳಿದಳು,
"ಬರುವವರು ತಾವೇ ಬರ್ತಾರೆ. ನಡುವೆ ಆ ಹಕ್ಕಿ ಯಾಕೆ?"

ಬೆಳಿಗ್ಗೆ ಬೀಗ ತೆಗೆದಾಗ ಮಕ್ಕಳು ಮೇಜಿಗೆ ಮುಗಿಬಿದ್ದರು.
ಲೋಟದಲ್ಲಿ ರಮ್ಮು ಕಮ್ಮಿಯಾಗಿತ್ತೋ ಇಲ್ಲವೋ
ನಾನು ಅಳೆಯಲಿಲ್ಲ.

ಚೌಕಟ್ಟು ಕೂಡಿಸಿದೆ. ಮೂಲೆ ಬಿಡದಂತೆ
ಹಿಂದೆ ಎರಡು ಹಿತ್ತಾಳೆ ಪಟ್ಟಿ, ಎಂಟು ಸ್ಕ್ರೂ.
ಹಿಂಬದಿಯಲ್ಲಿ, ರೂಢಿಯಂತೆ, ಪೆನ್ಸಿಲಿನಲ್ಲಿ
ಉದ್ದ, ಅಗಲ, ತಾರೀಕು;
ಅದರ ಕೆಳಗೆ ಕನ್ನಡದಲ್ಲಿ, ಸಣ್ಣಗೆ:
ಕಾಳಕ್ಕನ ಅಮ್ಮ.

"ಏನದು?" ಬಗ್ಗಿ ನೋಡಿದಳು ವೆರ್ಲಿನ್.
"ಅಳತೆ," ಅಂದೆ.